ಮಗುಚಿಟ್ಟ ಸ್ಟೂಲು

ನಾವು ಅಂಗಿ ಹೊಲಿಯುವ ಕೋಣೆಯಲ್ಲಿ ನಮ್ಮ ಚಿಕ್ಕಮ್ಮನಿಗೆ ಇದ್ದ ಅಡ್ಡಹೆಸರು ಜಡ್ಜಮ್ಮ. ಬಾಯಿ ಅಷ್ಟು ಜೋರು. ಗುಂಡಿ ತೂರಿಸುವ ಕಾಜಾ ಹೊಲಿಯುವುದು ಅವಳ ಪಾಲಿನ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದಿನಕ್ಕೊಮ್ಮೆ ಅವಳೇ ಹಾಗೆ ಹೇಳುತ್ತಿದ್ದಳು. ಮಾತು ಮುಗಿಸುವಾಗ, "ನಂಗ್ಯಾರಿದ್ದಾರೆ, ಈ ಸೂಜಿನೇ ಗತಿ," ಎನ್ನುವಳು. ಗಂಡ, ಮಕ್ಕಳು ಇಲ್ಲದವಳು, ಪಾಪ.

ಮೇಲ್ವಿಚಾರಕರು ಕೆಲಸ ಬಿಟ್ಟುಹೋದ ಮೇಲೆ ಯಜಮಾನರು ಇನ್ನೊಬ್ಬರನ್ನು ಹಾಕಲಿಲ್ಲ. ಕೆಲಸ ಹಂಚಿಕೊಳ್ಳುವುದು ನಮ್ಮ ಹೆಗಲಿಗೇ ಬಿತ್ತು. ಮೇಲ್ವಿಚಾರಕರ ಸ್ಟೂಲಿನ ಮೇಲೆ ಕೂರಲು ಯಾರಿಗೂ ಮನಸ್ಸಾಗದೆ, ಅದಕ್ಕೂ ಒಂದು ಕೆಲಸ ಕೊಟ್ಟೆವು. ಕಷ್ಟ ಬಂದವರು ಅದನ್ನು ಮಗುಚಿಡಬೇಕು. ಆಗ ಮಿಷನ್ನುಗಳೆಲ್ಲ ನಿಲ್ಲಬೇಕು, ಎಲ್ಲರೂ ಸೇರಿ ದಾರಿ ಹುಡುಕಬೇಕು. ಅದನ್ನು ಮಗುಚುವವರೆಗೆ ಯಾರೂ ಇನ್ನೊಬ್ಬರ ಕೆಲಸದಲ್ಲಿ ತಲೆ ಹಾಕುವಂತಿಲ್ಲ.

"ಮಕ್ಕಳಾಟ," ಎಂದು ಚಿಕ್ಕಮ್ಮ ಮೂಗು ಮುರಿದಳು.

ಆಮೇಲೆ ಅವಳ ಕಣ್ಣು ಮಂಜಾಗತೊಡಗಿತು. ಇನ್ನು ಸರಿಹೋಗದು ಎಂದರು ಡಾಕ್ಟರು. ನನಗೊಬ್ಬಳಿಗೆ ವಿಷಯ ಹೇಳಿ, ಬಾಯಿ ಬಿಟ್ಟರೆ ಜೋಕೆ ಎಂದಳು. ಕೆಲಸ ತಪ್ಪಿದರೆ ಅವಳು ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಬೆಳಿಗ್ಗೆ ಅವಳ ಕತ್ತರಿ ಗುರುತು ದಾಟಿ ಅಂಗಿಯನ್ನೇ ಸೀಳಿತು. ಅದನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಳು. ಕೊನೆಗೆ ಎದ್ದುಹೋಗಿ ಸ್ಟೂಲು ಮಗುಚಿದಳು.

ಮಿಷನ್ನುಗಳು ನಿಂತವು.

"ನಂಗೆ ಕಣ್ಣು ಕಾಣಲ್ಲ. ನಾಳೆಯಿಂದ ಬರಲ್ಲ."

ಕಾಲರ್ ಹೊಲಿಯುವಾಕೆ ಉಸಿರು ಬಿಟ್ಟಳು. "ಅಂತೂ ಮಗುಚಿದೆಯಲ್ಲ ತಾಯಿ. ನಿನ್ನ ಕಾಜಾ ಬಿಚ್ಚಿ ಹೊಲಿದೂ ಹೊಲಿದೂ ಸಾಕಾಗಿಹೋಗಿತ್ತು."

"ನೀನೂನಾ? ನಾನೂ ಹೊಲೀತಿದ್ದೆ," ಎಂದಳು ಜೇಬಿನವಳು.

ಚಿಕ್ಕಮ್ಮ ನನ್ನತ್ತ ತಿರುಗಿದಳು. "ನೀನು ಹೇಳಿದ್ಯಾ?"

"ಇಲ್ಲ ಚಿಕ್ಕಮ್ಮ. ನಾನೊಬ್ಬಳೇ ಬಿಚ್ಚಿ ಹೊಲೀತಿದೀನಿ ಅಂದ್ಕೊಂಡಿದ್ದೆ."

"ಮತ್ತೆ ಯಾರೂ ಯಾಕೆ ಕೇಳಲಿಲ್ಲ?"

"ನೀನು ಸ್ಟೂಲು ಮಗುಚದೆ ಹೆಂಗೆ ಕೇಳೋದು?" ಎಂದ ಇಸ್ತ್ರಿಯವನು. "ಕಣ್ಣು ಹೋದ್ರೆ ಹೋಗ್ಲಿ, ಬೆರಳಿಗೇನಾಗಿದೆ?" ಎನ್ನುತ್ತ ಒಂದು ಅಂಗಿ ಅವಳ ಕೈಗಿಟ್ಟ.

ಚಿಕ್ಕಮ್ಮ ಹೊಲಿಗೆಯುದ್ದಕ್ಕೂ ಬೆರಳಾಡಿಸಿದಳು. ಕಂಕುಳ ಹತ್ತಿರ ಬೆರಳು ನಿಂತಿತು. "ಇಲ್ಲಿ ಬಿಟ್ಟಿದೆ. ಇದು ಯಾವ ಪುಣ್ಯಾತ್ಗಿತ್ತಿ ಕೆಲಸ?"

ನನ್ನದೇ. ಎಲ್ಲರೂ ನಕ್ಕರು. ಕಾಜಾ ನಾವು ಹಂಚಿಕೊಂಡೆವು. ಮಡಿಸುವ ಮೊದಲು ಪ್ರತಿ ಅಂಗಿಯನ್ನೂ ಅವಳು ತಡವಿ ನೋಡಬೇಕೆಂದಾಯಿತು. ಆ ಕೋಣೆಗೆ ನಾನು ಎಷ್ಟು ಋಣಿಯೋ ಹೇಳಲಾರೆ.

ಸಂಜೆ ಮನೆಗೆ ಹೋಗುವಾಗ ಚಿಕ್ಕಮ್ಮ ಮೊದಲ ಸಲ ನನ್ನ ತೋಳು ಹಿಡಿದಳು. ತಿರುವಿನಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು:

"ನಂಗ್ಯಾರಿದ್ದಾರೆ ಅಂತ ಕಂಡಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದ್ನಲ್ಲೇ. ಇನ್ನು ಯಾವ ಮುಖ ಇಟ್ಕೊಂಡು ಹೇಳ್ಲಿ?"