ಇಪ್ಪತ್ತರ ಬಿಲ್ಲೆ

ಬಟ್ಟೆಯ ಚೀಲದೊಳಗೆ ಮರದ ಬಿಲ್ಲೆಗಳು ಒಂದಕ್ಕೊಂದು ತಾಗುವ ಸದ್ದು ಕೇಳಿದರೆ ನನಗೆ ಈಗಲೂ ಹಿತಕಿದ ಅವರೆಬೇಳೆಯ ವಾಸನೆ ಬರುತ್ತದೆ. ಹೋದ ಭಾನುವಾರ ನನ್ನ ಮಗಳು ಹಳೆಯ ಪೆಟ್ಟಿಗೆಯಿಂದ ಆ ಚೀಲವನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಅಷ್ಟೇ ಸಾಕಾಯಿತು. ಜೀವನ್ ಬಿಮಾ ನಗರದ ನಮ್ಮ ಮನೆ, ಅದರ ಕೆಂಪು ಗಾರೆ ನೆಲ, ಕಾಲು ಚಾಚಿ ಕೂತು ಅವರೆಕಾಳು ಹಿಸುಕುತ್ತಿದ್ದ ಅಜ್ಜಿ, ಎಲ್ಲ ಎದ್ದು ಬಂದವು. ಅಜ್ಜಿ ಇಲ್ಲ, ಆ ಮನೆಯೂ ಇಲ್ಲ. ಆ ಜಾಗದಲ್ಲಿ ಗಾಜಿನ ಗೋಡೆಯ ಕಾಫಿ ಅಂಗಡಿಯಿದೆ. ನಿಮ್ಮ ಮನೆಯೂ ಹೀಗೇ ಯಾವುದೋ ಅಂಗಡಿಯಾಗಿದ್ದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಕಾಫಿ ಕುಡಿಯುತ್ತಾ ಅಡುಗೆಮನೆ ಎಲ್ಲಿತ್ತೆಂದು ಅಂದಾಜು ಮಾಡಬಹುದು, ಅಷ್ಟೇ.

ಮಹಡಿಯಲ್ಲಿ ಬಾಡಿಗೆಗಿದ್ದವರು ಶಿವಾಜಿನಗರದಿಂದ ಬಂದವರು, ಹಳೆಯ ಪುಸ್ತಕದ ವ್ಯಾಪಾರಿಗಳು. ಅವರ ಮಗ ಇಮ್ರಾನ್ ನನಗಿಂತ ಮೂರು ವರ್ಷ ದೊಡ್ಡವನು, ಗತ್ತಿನಲ್ಲಿ ಮೂವತ್ತು ವರ್ಷ ದೊಡ್ಡವನು. ಒಂದು ದಿನ ಅವನ ಅಬ್ಬಾ ತಂದ ರದ್ದಿಯಲ್ಲಿ ಹರಿದ ಡಬ್ಬಿಯೊಂದು ಸಿಕ್ಕಿತು. ಒಳಗೆ ದಪ್ಪ ಇಂಗ್ಲಿಷ್ ಪುಸ್ತಕ, ಮಡಿಸಿದ ನಕ್ಷೆ. ನಕ್ಷೆಯಲ್ಲಿ ಎಲ್ಲೂ ಇಲ್ಲದ ಲೋಕವೊಂದಿತ್ತು: ಡ್ರ್ಯಾಗನ್ ಮಲಗಿದ ಬೆಟ್ಟ, ನೆಲದಡಿಯಲ್ಲಿ ಕಬ್ಬಿಣ ಬಡಿಯುವ ಕುಳ್ಳರ ಊರು, ಮಂತ್ರವಾದಿಗಳ ಗೋಪುರ. ಆಟವೆಂದರೆ ನಾವು ಬೇರೆ ಹೆಸರಿಟ್ಟುಕೊಂಡು ಆ ಲೋಕದಲ್ಲಿ ಬದುಕುವುದು. ಎದುರಿಗೆ ಏನಿದೆಯೆಂದು ಇಮ್ರಾನ್ ಹೇಳುತ್ತಿದ್ದ, ಏನು ಮಾಡುತ್ತೇವೆಂದು ನಾವು ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು. ಡಬ್ಬಿಯಲ್ಲಿ ದಾಳವೇ ಇರಲಿಲ್ಲ. ಮಹಿಳಾ ಸಮಾಜದವರು ಬೇಡವೆಂದು ಬಿಟ್ಟಿದ್ದ ಹೌಸಿ ಆಟದ, ಸಂಖ್ಯೆ ಬರೆದ ಮರದ ಬಿಲ್ಲೆಗಳನ್ನು ಅಜ್ಜಿ ತಂದು, ತೊಳೆದು ಒಣಗಿಸಿ, ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದು, ಇಪ್ಪತ್ತರೊಳಗಿನವನ್ನು ಹಾಕಿಕೊಟ್ಟಳು. ದೊಡ್ಡ ಸಂಖ್ಯೆ ಬಂದಷ್ಟೂ ಒಳ್ಳೆಯದು, ಇಪ್ಪತ್ತು ಬಂದರೆ ಪವಾಡ. ತೆಗೆದ ಬಿಲ್ಲೆಯನ್ನು ಇಮ್ರಾನ್‌ಗೆ ತೋರಿಸಿಯೇ ಮತ್ತೆ ಚೀಲಕ್ಕೆ ಹಾಕಬೇಕಿತ್ತು. "ತೋರ್ಸು" ಎನ್ನದೆ ಅವನು ಯಾರನ್ನೂ ಬಿಡುತ್ತಿರಲಿಲ್ಲ.

ಎರಡು ವರ್ಷ, ಪ್ರತಿ ಭಾನುವಾರ ಊಟವಾದ ಮೇಲೆ, ನಾನೂ ತಮ್ಮ ರವಿಯೂ ಆ ಲೋಕದಲ್ಲಿ ಅಲೆದೆವು. ಇಂಗ್ಲಿಷ್ ಹೆಸರುಗಳಿಗೆ ನಾಲಿಗೆ ಹೊರಳದೆ ಕುಳ್ಳರ ಊರಿಗೆ ಗರುಡಾಚಾರ್‌ಪಾಳ್ಯ ಎಂದು ಹೆಸರಿಟ್ಟೆವು. ಚಿಕ್ಕಪ್ಪನ ಕಬ್ಬಿಣದ ಕಾರ್ಖಾನೆ ಇದ್ದದ್ದು ಅಲ್ಲಿ. ಹತ್ತಿರದ ಏರ್‌ಪೋರ್ಟಿಗೆ ವಿಮಾನ ಇಳಿಯುವಾಗ ಕಿಟಕಿ ಗಾಜು ನಡುಗಿದರೆ ಇಮ್ರಾನ್ ದನಿ ತಗ್ಗಿಸಿ, "ಬಂತು ನೋಡು ಡ್ರ್ಯಾಗನ್ನು" ಎನ್ನುತ್ತಿದ್ದ. ರವಿ ಕಳ್ಳನಾಗಿದ್ದ. ನಾನು ಮಂಜರಿ, ಹಸಿರು ಶಾಲು ಹೊದ್ದು ಗಾಯ ವಾಸಿ ಮಾಡುವವಳು. ಶಾಲೆಯಲ್ಲಿ ಹಾಜರಿ ಕರೆದರೂ ಪಿಸುಗುಟ್ಟುತ್ತಿದ್ದ ನಾನು ಮಂಜರಿಯಾದಾಗ ರಾಜನಿಗೂ ಎದುರು ಮಾತಾಡುತ್ತಿದ್ದೆ. ಅವಳು ನನಗೆಷ್ಟು ಬೇಕಾಗಿದ್ದಳೆಂದು ಅಜ್ಜಿಗೆ ಗೊತ್ತಿತ್ತು. ಅಜ್ಜಿ ಆಡುತ್ತಿರಲಿಲ್ಲ, ಕಾಳೋ ಸೊಪ್ಪೋ ಬಿಡಿಸುತ್ತಾ, "ಆ ರಾಕ್ಷಸಂಗೆ ಊಟ ಆಯ್ತಾ ಕೇಳ್ರೋ ಮೊದ್ಲು" ಎಂದು ನಡುವೆ ಬಾಯಿ ಹಾಕುತ್ತಿದ್ದಳು. ಆದರೆ ಆಟದ ನಿಯಮದಲ್ಲಿ ಮಹಾ ಕಟ್ಟುನಿಟ್ಟು. ಚೌಕಾಬಾರದಲ್ಲಿ ಕವಡೆ ಕೊಂಚ ಓರೆಯಾಗಿ ನಿಂತರೂ ಮತ್ತೆ ಹಾಕಿಸುತ್ತಿದ್ದಳು.

ಇಮ್ರಾನ್‌ನ ಮನೆಯವರು ಕೆ.ಆರ್. ಪುರದಲ್ಲಿ ಸ್ವಂತ ಮನೆ ಮಾಡಿಕೊಂಡು ಹೊರಟರು. ಕೊನೆಯ ಭಾನುವಾರ ಡ್ರ್ಯಾಗನ್ನಿನ ಗುಹೆ ಸೇರಿದೆವು. ಹಗ್ಗದ ಸೇತುವೆ ಹರಿಯಿತು, ಮಂಜರಿ ಪ್ರಪಾತಕ್ಕೆ ಬಿದ್ದಳು. ಇಮ್ರಾನ್ ಪುಸ್ತಕ ನೋಡಿ ತಲೆಯಾಡಿಸಿದ. "ಇಪ್ಪತ್ತು ಬಂದ್ರೆ ಮಾತ್ರ ಉಳೀತಾಳೆ. ಇಲ್ಲಾಂದ್ರೆ ಮುಗೀತು." ಎರಡು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಇಪ್ಪತ್ತು ಬಂದಿರಲಿಲ್ಲ. ನನಗೆ ಕೈ ಹಾಕಲು ಧೈರ್ಯವಾಗಲಿಲ್ಲ, ಅಳು ಬಂತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, "ತಾ ಇಲ್ಲಿ, ನಾನ್ ತೆಗೀತೀನಿ" ಎಂದಳು. ಒಂದು ಬಿಲ್ಲೆ ತೆಗೆದು ಕಣ್ಣಿನ ಹತ್ತಿರ ಹಿಡಿದು, "ಇಪ್ಪತ್ತು" ಎಂದು ಹೇಳಿ ಚೀಲದೊಳಕ್ಕೆ ಹಾಕಿಬಿಟ್ಟಳು. ಇಮ್ರಾನ್ ತೋರಿಸಿ ಎನ್ನಲಿಲ್ಲ. ಅಜ್ಜಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಪುಸ್ತಕ ಮುಚ್ಚಿದ. "ಮಂಜರಿ ಕೈಗೆ ಒಂದು ಬೇರು ಸಿಕ್ತು. ಹಿಡ್ಕೊಂಡು ಮೇಲೆ ಬಂದ್ಳು" ಎಂದ. ರವಿ ಕುಣಿದ. ನಾನು ಅಜ್ಜಿಯ ಮಡಿಲಿಗೆ ಬಿದ್ದೆ, ಅವಳ ಕೈಯೆಲ್ಲ ಅವರೆಯ ಸೊಗಡು.

ಹೋದ ಭಾನುವಾರ ಮಗಳು ಗೆಳತಿಯರನ್ನು ಕರೆಯಲು ಕೆಳಗೆ ಓಡಿದಾಗ ನಾನು ಬಿಲ್ಲೆಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದೆ. ಹತ್ತೊಂಬತ್ತಕ್ಕೆ ಸಾಲು ನಿಂತಿತು. ಚೀಲ ಮಗುಚಿ ಕೊಡವಿ ನೋಡಿದೆ. ಕೊನೆಗೆ ಇಮ್ರಾನ್‌ಗೆ ಫೋನ್ ಮಾಡಿದೆ. ಈಗ ಅವನ ಗಡ್ಡ ನೆರೆತಿದೆ, ಗತ್ತು ನೆರೆತಿಲ್ಲ.

"ಮೊದಲ್ನೇ ದಿನಾನೇ ಎಣ್ಸಿದ್ದೆ ಕಣೇ. ಇಪ್ಪತ್ತು ಇರ್ಲೇ ಇಲ್ಲ. ಪವಾಡ ಅಷ್ಟು ಸುಲಭಕ್ಕೆ ಸಿಗ್ಬಾರ್ದು ಅಂತ ಜಂಬ ನಂಗೆ, ಸುಮ್ನಿದ್ದೆ."

"ಅಜ್ಜಿಗೆ ಗೊತ್ತಿತ್ತಾ?"

"ತೊಳ್ದು ಹಾಕ್ದೋರು ಅವ್ರೇ ಅಲ್ವಾ? ಅವತ್ತು ಅವ್ರ ಕೈಯಲ್ಲಿದ್ದಿದ್ದು ಮೂರರ ಬಿಲ್ಲೆ. ನಾನು ಎದ್ರುಗೇ ಕೂತಿದ್ನಲ್ಲ."

ಫೋನಿಟ್ಟೆ. ಕಣ್ಣು ತುಂಬಿತು, ನಗುವೂ ಬಂತು. ಕವಡೆ ಓರೆಯಾದರೆ ಒಪ್ಪದ ಮುದುಕಿ ನನಗಾಗಿ ಒಂದೇ ಒಂದು ಸುಳ್ಳು ಹೇಳಿದ್ದಳು, ಅದನ್ನೇ ನಂಬಿಕೊಂಡು ನಾನು ಇಷ್ಟು ವರ್ಷ ಮಂಜರಿಯ ಹಾಗೆ ಎದುರು ಮಾತಾಡಿಕೊಂಡು ಬದುಕಿದ್ದೆ. ಮೆಟ್ಟಿಲ ಮೇಲೆ ಮಕ್ಕಳ ಕಾಲಿನ ಸದ್ದು ಕೇಳಿತು. ಹತ್ತೊಂಬತ್ತನ್ನೂ ಬಾಚಿ ಚೀಲಕ್ಕೆ ಹಾಕಿ ದಾರ ಎಳೆದೆ.

"ಎಲ್ಲಾ ಇದ್ಯಾ ಅಮ್ಮಾ?" ಎಂದು ಮಗಳು ಬಾಗಿಲಲ್ಲೇ ಕೇಳಿದಳು.

"ಎಲ್ಲಾ ಇದೆ" ಎಂದೆ. "ಬನ್ನಿ, ಕೂತ್ಕೊಳ್ಳಿ."