ದಾಕ್ಷಿಣ್ಯದ ವಿಮಾನ

ಅಳಿಯ ಅತ್ತೆಯ ತೂಕ ಕೇಳುವ ಕಾಲ ಬರುತ್ತದೆ ಎಂದು ನನ್ನ ಚಿಕ್ಕಂದಿನಲ್ಲಿ ಯಾರಾದರೂ ಹೇಳಿದ್ದರೆ, ಅವರನ್ನು ಕೂರಿಸಿ ತಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದೆವು. ಆದರೆ ಕೇಳಿದ್ದು ನಿಜ. ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನನ್ನ ದೊಡ್ಡ ಮಗಳು ವಿಮಲಾಳ ಮನೆಯ ಬಚ್ಚಲಲ್ಲಿ ಒಂದು ತೂಕದ ಯಂತ್ರವಿತ್ತು. ಮೇಲೆ ಹತ್ತಿ ನಿಂತರೆ ಹೆಬ್ಬೆರಳ ಮುಂದೆ ಒಂದು ಮುಳ್ಳು ಗಡಗಡ ನಡುಗಿ, ಆಮೇಲೆ ನಾಚಿಕೆಯಿಲ್ಲದೆ ಒಂದು ಅಂಕಿಯ ಮೇಲೆ ನಿಲ್ಲುತ್ತಿತ್ತು. ನಾನು ಅದರ ಮೇಲೆ ಅಲ್ಲಿಯವರೆಗೆ ಕಾಲಿಟ್ಟವಳಲ್ಲ. ಸೌದೆ ತೂಗುತ್ತಾರೆ, ಹುಣಿಸೆಹಣ್ಣು ತೂಗುತ್ತಾರೆ. ಮನುಷ್ಯರನ್ನು ತೂಗುವುದು ದೇವರಿಗೆ ಹರಕೆ ಹೊತ್ತಾಗ ಮಾತ್ರ, ಆಗಲೂ ಎದುರು ತಟ್ಟೆಯಲ್ಲಿ ಬೆಲ್ಲವೋ ತೆಂಗಿನಕಾಯಿಯೋ ಕೂತು ನಮ್ಮ ಮಾನ ಕಾಯುತ್ತದೆ. ಈ ಯಂತ್ರಕ್ಕೆ ಎದುರು ತಟ್ಟೆಯೇ ಇಲ್ಲ.

"ಅಮ್ಮ, ಅವರು ನಿನ್ನ ವೇಯ್ಟ್ ಕೇಳ್ತಿದಾರೆ," ಎಂದಳು ವಿಮಲಾ, ಬಚ್ಚಲ ಬಾಗಿಲಲ್ಲಿ ನಿಂತು.

"ಯಾಕಂತೆ? ಮಾರ್ತಾರಂತಾ?"

"ಪ್ಲೇನಿಗಮ್ಮ. ಎಲ್ಲರದ್ದೂ ಕೂಡಿಸಿ ನೋಡ್ಬೇಕು, ಜಾಸ್ತಿಯಾದ್ರೆ ಏಳಲ್ಲ ಅದು. ಕೋಟು ಬೂಟು ಎಲ್ಲಾ ಹಾಕ್ಕೊಂಡೇ ಹತ್ತು."

ದೇವರನ್ನು ನೆನೆದು ಹತ್ತಿದೆ. ಅಳಿಯ ಶಿವರಾಮ ಹೊರಗೆ ಪೆನ್ಸಿಲ್ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಮರ್ಯಾದಸ್ಥರು. ಮದುವೆಯಾದಂದಿನಿಂದ ನಾನು ಅವರೊಡನೆ ನೇರವಾಗಿ ಮಾತಾಡಿದವಳಲ್ಲ, ಅವರೂ ನನ್ನೊಡನೆ ಮಾತಾಡಿದವರಲ್ಲ; ನಮ್ಮ ಕಡೆ ಅತ್ತೆ ಅಳಿಯಂದಿರ ಪದ್ಧತಿ ಹಾಗೆ. ಊಟಕ್ಕೆ ಕೂತಾಗ ನಾನು ಸೌಟು ಹಿಡಿದು, "ಅವರಿಗೆ ಇನ್ನೊಂದಿಷ್ಟು ಹುಳಿ ಬೇಕೇನೋ ಕೇಳೇ" ಎಂದು ವಿಮಲಾಳಿಗೆ ಹೇಳುವುದು; ಅವರು ನನ್ನಿಂದ ಒಂದು ಮೊಳ ದೂರದಲ್ಲಿ ಕೂತು, "ಸಾಕು ಅಂತ ಹೇಳು ಅತ್ತೆಗೆ" ಎನ್ನುವುದು. ಮೂರೇ ಜನರ ಮನೆಯಲ್ಲಿ ನನ್ನ ಮಗಳು ಟೆಲಿಫೋನು. ಹೊರಗೆ ಅವಳು ಮಕ್ಕಳ ಡಾಕ್ಟರು.

ಶಿವರಾಮ ಸರ್ಕಾರದ ಪ್ರಯೋಗಶಾಲೆಯಲ್ಲಿ ವಿಜ್ಞಾನಿ. ಅವರೂ ಅವರ ಸ್ನೇಹಿತ ಡಾಕ್ಟರ್ ರಂಗಪ್ಪನೂ ಸೇರಿ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡಿದ್ದರು. ಶಿವರಾಮ ಲೈಸೆನ್ಸ್ ಪಡೆದಿದ್ದರು, ರಂಗಪ್ಪ ಇನ್ನೂ ಕಲಿಯುತ್ತಿದ್ದರು. ಈ ರಂಗಪ್ಪ ಹೃದಯದ ಡಾಕ್ಟರು, ಬೆಳಗಾದರೆ ಊರವರಿಗೆಲ್ಲ ಮೈ ಇಳಿಸಿ ಎನ್ನುವವರು. ತಮ್ಮ ತೂಕವನ್ನು ಮಾತ್ರ ಫೋನಿನಲ್ಲೇ ಹೇಳಿದರು. ಅವರು ಹೇಳಿದಷ್ಟು ತೂಕ ಅವರ ಹೊಟ್ಟೆಯೊಂದಕ್ಕೇ ಇತ್ತು. ಶಿವರಾಮ ಪೆನ್ಸಿಲ್ ತುದಿ ಕಚ್ಚಿ, ಸುಳ್ಳೆಂದು ಹೇಳಲು ದಾಕ್ಷಿಣ್ಯವಾಗಿ, ಸುಮ್ಮನೆ ಒಂದಿಷ್ಟು ಸೇರಿಸಿ ಬರೆದುಕೊಂಡರು.

ಇಷ್ಟೆಲ್ಲ ತೂಗಾಟ ಯಾಕೆಂದರೆ, ವರ್ಜೀನಿಯಾದ ಆಚೆ ರಾಲಿ ಎಂಬ ಊರಿನಲ್ಲಿರುವ ನನ್ನ ಚಿಕ್ಕ ಮಗಳು ಸರಸಳಿಗೆ ಸೀಮಂತ. ಚೊಚ್ಚಲು. ತವರಿನವರು ಹಸಿರು ಸೀರೆ ಉಡಿಸಬೇಕು, ತಾಯಿ ಮೊದಲ ಬಳೆ ತೊಡಿಸಬೇಕು. ನಮ್ಮ ಯಜಮಾನರು ಅಮೆರಿಕದ ಚಳಿಗೆ ಅಂಜಿ ಮೈಸೂರಿನಲ್ಲೇ ಉಳಿದಿದ್ದರು. ನಾನೊಬ್ಬಳೇ ಕಡಲು ದಾಟಿ ಬಂದದ್ದು ಆ ಒಂದು ಬಳೆ ತೊಡಿಸುವುದಕ್ಕೆ. ಮುಹೂರ್ತ ಮಧ್ಯಾಹ್ನಕ್ಕೆ ಮುಂಚೆ ಮುಗಿಯುತ್ತಿತ್ತು. ಹಿಂದಿನ ದಿನ ವಿಮಲಾಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಪೆಟ್ರೋಲಿಗಾಗಿ ಕಾರುಗಳು ಸಾಲುಗಟ್ಟಿದ್ದ ವರ್ಷ ಕಳೆದು, ಹೆದ್ದಾರಿಯಲ್ಲಿ ಎಲ್ಲರೂ ನಿಧಾನ ಹೋಗಬೇಕೆಂದು ಕಾನೂನು ಬಂದಿದ್ದ ಕಾಲ. ಕಾರಿನಲ್ಲಿ ಹೋದರೆ ಎಲೆ ಎತ್ತುವ ಹೊತ್ತಿಗೆ ತಲುಪುವುದು. ವಿಮಾನದಲ್ಲಿ ಎರಡು ಗಂಟೆಯ ಮಾತು. ಅದಲ್ಲದೆ ಅಟ್ಲಾಂಟಾದಿಂದ, ಕ್ಯಾರೊಲಿನಾಗಳಿಂದ ಕಾರಿನಲ್ಲಿ ಬರುವ ಕನ್ನಡದವರಿಗೆಲ್ಲ ಶಿವರಾಮ ಮೊದಲೇ ಫೋನ್ ಮಾಡಿ, "ನಾವು ಫ್ಲೈ ಮಾಡ್ಕೊಂಡು ಬರ್ತೀವಿ" ಎಂದು ಹೇಳಿಯಾಗಿತ್ತು. ಆಡಿದ ಮಾತು ಅನ್ನುವುದು ಉಂಡ ಮುದ್ದೆಯ ಹಾಗೆ, ಹೊಟ್ಟೆಯಲ್ಲಿ ಕೂತು ಭಾರವಾಗುತ್ತದೆ. ಬಚ್ಚಲ ಯಂತ್ರ ಅದನ್ನು ತೂಗುವುದಿಲ್ಲ.

ಆ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಎದುರು ಮನೆಯೇ ಇಲ್ಲ. ಮೋಡ ಇಳಿದು ಬೀದಿಯಲ್ಲಿ ಕೂತಿದೆ. ಶಿವರಾಮ ಹವಾಮಾನದವರಿಗೆ ಫೋನ್ ಮಾಡಿದರು. ಆ ಕಡೆಯ ಮನುಷ್ಯ, ಇವತ್ತು ಕಣ್ಣಿಂದ ನೆಲ ನೋಡಿಕೊಂಡು ಹಾರುವವರು ಹೊರಡಬೇಡಿ ಎಂದನಂತೆ. ನಮ್ಮ ಅಳಿಯಂದಿರದು ಅದೇ ಲೈಸೆನ್ಸು. ಮೋಡದೊಳಗೆ ಬರೀ ಗಡಿಯಾರದಂಥ ಮುಳ್ಳುಗಳನ್ನು ನಂಬಿ ಹಾರುವ ಪರೀಕ್ಷೆ ಅವರಿನ್ನೂ ಕೊಟ್ಟಿರಲಿಲ್ಲ. ಅವರು ಫೋನ್ ಇಟ್ಟು, ಕಾಫಿ ಕುಡಿದು, ಮತ್ತೆ ಫೋನ್ ಮಾಡಿದರು.

"ಈಗ ತಾನೇ ಮಾಡಿದ್ರಲ್ಲ?" ಎಂದಳು ವಿಮಲಾ.

"ಇನ್ನೊಬ್ಬ ಯಾರಾದ್ರೂ ಎತ್ತಬಹುದು ಕಣೇ. ಅವನು ಸ್ವಲ್ಪ ಪೆಸಿಮಿಸ್ಟ್ ಥರ ಇದ್ದ."

ಇನ್ನೊಬ್ಬ ಎತ್ತಿದ, ಅದನ್ನೇ ಹೇಳಿದ. ಮೂರನೆಯ ಸಲ ಮಾಡಿದಾಗ, ಹೊತ್ತೇರಿದ ಮೇಲೆ ಮೋಡ ಒಡೆದರೂ ಒಡೆಯಬಹುದು ಎಂದು ಯಾರೋ ಅಂದರಂತೆ. "ನೋಡಿದ್ಯಾ!" ಎಂದು ಶಿವರಾಮ ಎದ್ದೇ ನಿಂತರು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡೆ. ನಮ್ಮ ಭಾವನವರು ಮಗಳ ಮದುವೆಗೆ ಹೀಗೇ ಮಾಡಿದ್ದರು. ಜಾತಕ ಕೂಡುವುದಿಲ್ಲ ಎಂದ ಜೋಯಿಸರನ್ನು ಬಿಟ್ಟು ಇನ್ನೊಬ್ಬರ ಹತ್ತಿರ, ಅವರನ್ನು ಬಿಟ್ಟು ಮತ್ತೊಬ್ಬರ ಹತ್ತಿರ, ಕಡೆಗೆ 'ಶಾಂತಿ ಮಾಡಿಸಿದರೆ ಅಡ್ಡಿಯಿಲ್ಲ' ಎಂದವರ ಮನೆಯಲ್ಲಿ ಪಾನಕ ಕುಡಿದು ಬಂದರು. ಪಂಚಾಂಗ ನೋಡಿ ಮುಹೂರ್ತ ಇಟ್ಟರೆಂದು ರಾಲಿಯವರನ್ನು ಹಿಂದಿನ ವಾರವೆಲ್ಲ ಹಾಸ್ಯ ಮಾಡಿದ ವಿಜ್ಞಾನಿ ಈಗ ಫೋನಿನಲ್ಲಿ ಜೋಯಿಸರನ್ನು ಹುಡುಕುತ್ತಿದ್ದರು. ಬೇಕಾದ ಉತ್ತರ ಕೈಯಲ್ಲಿ ಹಿಡಿದುಕೊಂಡು ಪ್ರಶ್ನೆ ಕೇಳುವವರಿಗೆ ಆಕಾಶವಾದರೇನು, ಜಾತಕವಾದರೇನು, ನೀವೇ ಹೇಳಿ.

ವಿಮಾನದ ಬಯಲಿಗೆ ಹೋದೆವು. ಬಯಲೆಂದರೆ ಒಂದು ಉದ್ದನೆಯ ಟಾರು ರಸ್ತೆ, ಪಕ್ಕದಲ್ಲಿ ಒಂದು ತಗಡಿನ ಕೊಟ್ಟಿಗೆ. ವಿಮಾನ ನಮ್ಮೂರ ಬಾಡಿಗೆ ಕಾರಿಗಿಂತ ಇಕ್ಕಟ್ಟು, ಬಾಗಿಲು ಒಂದೇ, ಅದೂ ಬಲಗಡೆ. ಹಿಂದೆ ಕೂರುವವರು ಮೊದಲು ತೂರಬೇಕು, ಆಮೇಲೆ ಓಡಿಸುವವರು, ಕಡೆಗೆ ಅವರ ಪಕ್ಕದವರು ಹತ್ತಿ ಬಾಗಿಲು ಹಾಕಿಕೊಳ್ಳಬೇಕು. ಹಾಗೆ ರಂಗಪ್ಪ ಕಡೆಗೆ ಹತ್ತಿದರು. ವಿಮಾನ ಒಂದು ಕಡೆಗೆ ವಾಲಿತು. ಶಿವರಾಮ ಬೆಲ್ಟು ಬಿಗಿದುಕೊಂಡರು.

ಎಂಜಿನ್ ಶುರುವಾಗಿ, ನಾವು ಕುಲುಕುತ್ತಾ ರಸ್ತೆಯ ಈ ತುದಿಗೆ ಬಂದು ನಿಂತೆವು. ಆ ತುದಿಯಲ್ಲಿ ಮರಗಳಿವೆ ಎಂದು ವಿಮಲಾ ಹೇಳಿದ್ದಳು. ನನಗೆ ಕಂಡದ್ದು ಮರಗಳ ಕಾಲು ಮಾತ್ರ, ತಲೆ ಮೋಡದೊಳಗೆ. ಹಿಂದಿನ ಸೀಟಿನಲ್ಲಿ ಕೂತವರ ಪಾಡು ಇದು ನೋಡಿ: ಯಾರ ಕೈಗೆ ಜೀವ ಕೊಟ್ಟಿದ್ದೇವೋ ಅವರ ಮುಖ ಕಾಣುವುದಿಲ್ಲ, ಕುತ್ತಿಗೆ ಕಾಣುತ್ತದೆ. ಆದರೆ ಕುತ್ತಿಗೆ ಮುಖದಷ್ಟು ಕಲಿತದ್ದಲ್ಲ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಆ ಚಳಿಯಲ್ಲಿ ನಮ್ಮ ಅಳಿಯಂದಿರ ಕುತ್ತಿಗೆಯಿಂದ ಬೆವರು ಕಾಲರಿಗೆ ಇಳಿಯುತ್ತಿತ್ತು.

"ಏನಯ್ಯಾ ರಂಗಾ, ಏನನ್ಸುತ್ತೆ?" ಎಂದು ಅವರು ಎಂಜಿನ್ನಿನ ಸದ್ದಿನ ಮೇಲೆ ಕೂಗಿದರು. "ಮೋಡದ ಕೆಳಗೇ ಲೋ ಆಗಿ ಹೋದ್ರೆ, ವರ್ಜೀನಿಯಾ ದಾಟಿದ ಮೇಲೆ ಕ್ಲಿಯರ್ ಆಗುತ್ತೆ."

"ನಂದೇನಿದೆಯಪ್ಪಾ, ಕ್ಯಾಪ್ಟನ್ ನೀನು. ನೀನು ಹೂಂ ಅಂದ್ರೆ ಹೂಂ," ಎಂದರು ರಂಗಪ್ಪ. ಅವರ ಕೈ ಬಾಗಿಲ ಹಿಡಿಯ ಮೇಲಿತ್ತು.

"ವಿಮಲಾ?"

"ನೀವು ಡಿಸೈಡ್ ಮಾಡಿ. ನಾನು ಬೇಡ ಅಂದ್ರೆ ಆಮೇಲೆ ನನ್ನಿಂದ ಲೇಟಾಯ್ತು ಅನ್ನೋದು ಬೇಡ."

"ನನಗೇನೂ ಅರ್ಜೆಂಟಿಲ್ಲ ಮಾರಾಯ್ತಿ. ಅತ್ತೆಗೆ ಮುಹೂರ್ತ ತಪ್ಪಬಾರದು, ಅಷ್ಟೆ."

ನನಗೆ ಆಗ ಹೊಳೆಯಿತು. ಆ ಡಬ್ಬಿಯೊಳಗಿದ್ದ ನಾಲ್ವರಲ್ಲಿ ಒಬ್ಬರಿಗೂ ಹಾರುವ ಮನಸ್ಸಿಲ್ಲ. ರಂಗಪ್ಪನಿಗೆ ಸ್ನೇಹಿತನ ಮುಂದೆ ಪುಕ್ಕಲನಾಗುವ ನಾಚಿಕೆ. ನನ್ನ ಮಗಳಿಗೆ ಗಂಡನ ಮಾತು ಕೆಳಗೆ ಬಿದ್ದೀತೆಂಬ ಅಳುಕು. ಅವಳ ಗಂಡನಿಗೆ ಅತ್ತೆಯ ಮೇಲಿನ ಗೌರವ. ಇನ್ನು ಅತ್ತೆಯೋ, ಅಳಿಯನಿಗೆ ಎದುರಾಡಬಾರದ ಪದ್ಧತಿಯವಳು. ನಾಲ್ಕು ದಾಕ್ಷಿಣ್ಯ ಸೇರಿ ಒಂದು ಧೈರ್ಯವಾಗಿ, ಆ ಧೈರ್ಯ ನಮ್ಮನ್ನು ಮೋಡದೊಳಕ್ಕೆ ಹೊತ್ತುಕೊಂಡು ಹೋಗಲು ತಯಾರಾಗಿ ಗುರುಗುಡುತ್ತಿದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ದೊಡ್ಡವರು ಹೇಳಿದ್ದು ಸುಮ್ಮನಲ್ಲ. ಬಸಿರಾದ ಮಗಳ ಕೈಗೆ ಬಳೆ ತೊಡಿಸಲು ಹೊರಟವಳು ನಾನೇ ದಾಕ್ಷಿಣ್ಯಕ್ಕೆ ಸಾಯಲು ಕೂತಿದ್ದೆ.

ವಿಮಲಾಳಿಗೆ ಹೇಳಿ ಅವಳು ಅವರಿಗೆ ಹೇಳುವಷ್ಟು ಹೊತ್ತಿರಲಿಲ್ಲ. ಅವರ ಕೈ ಆಗಲೇ ಮುಂದಿನ ಹಿಡಿಯನ್ನು ಒತ್ತುತ್ತಿತ್ತು, ಸದ್ದು ಏರುತ್ತಿತ್ತು. ಕೆರೆಯ ಆ ದಡದ ಎಮ್ಮೆಯನ್ನು ಕೂಗುವ ಗಂಟಲಿನಲ್ಲಿ, ಜೀವಮಾನದಲ್ಲಿ ಮೊದಲ ಸಲ, ಅಳಿಯನನ್ನು ನೇರವಾಗಿ ಕೂಗಿದೆ:

"ನೋಡಿಪ್ಪಾ! ನಂಗೆ ಮುಹೂರ್ತ ಬೇಡ! ನನ್ನ ಇಳಿಸಿ!"

ಸದ್ದು ತಟ್ಟನೆ ಇಳಿಯಿತು. ಶಿವರಾಮ ಹಿಂದೆ ತಿರುಗಿದರು. ನಾವಿಬ್ಬರೂ ಅಷ್ಟು ಹತ್ತಿರದಿಂದ ಒಬ್ಬರ ಮುಖ ಒಬ್ಬರು ನೋಡಿದ್ದೂ ಅದೇ ಮೊದಲು.

"ಅತ್ತೆ, ಸರಸ ಕಾಯ್ತಿರ್ತಾಳೆ..."

"ಕಾಯ್ಲಿ. ಹೆಣ ಕಾಯೋದಕ್ಕಿಂತ ವಾಸಿ. ಬಾಗಿಲು ತೆಗೆಸಿ."

ಬಾಗಿಲು ತೆಗೆಸುವ ಅಗತ್ಯವೇ ಬೀಳಲಿಲ್ಲ. ನನಗೆ ಇಳಿಯಲು ದಾರಿ ಬಿಡಬೇಕೆಂಬ ನೆಪದಲ್ಲಿ ಡಾಕ್ಟರ್ ರಂಗಪ್ಪ ಎಂಜಿನ್ ಪೂರ್ತಿ ನಿಲ್ಲುವ ಮುಂಚೆಯೇ ಬಾಗಿಲ ಬೀಗ ತಿರುಗಿಸಿ, ಸದ್ದು ನಿಂತದ್ದೇ ತಡ, ರೆಕ್ಕೆಯ ಮೇಲೆ ಜಾರಿ ನೆಲದ ಮೇಲಿದ್ದರು. ಅಷ್ಟು ತೂಕದ ಮನುಷ್ಯ ಅಷ್ಟು ಹಗುರಾಗಿ ಇಳಿದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹಿಂದೆಯೇ ವಿಮಲಾಳೂ ಇಳಿದಳು, ನನಗೆ ಕೈ ಕೊಡಬೇಕಲ್ಲ! ಕಡೆಗೆ ಸೀಟು ಹಿಡಿದು, ಸೀರೆ ಎತ್ತಿ, ರೆಕ್ಕೆಯ ಮೇಲೆ ಕುಕ್ಕರಿಸಿ ಇಳಿದವಳು ನಾನು.

"ಅತ್ತೆಮ್ಮನಿಗೆ ಭಯವಾದ್ರೆ ಫೋರ್ಸ್ ಮಾಡಬಾರದು ಶಿವೂ," ಎಂದರು ರಂಗಪ್ಪ, ಒಳಗಿದ್ದವರಿಗೆ ಬುದ್ಧಿ ಹೇಳುತ್ತಾ.

ಕಾರಿನಲ್ಲಿ ಹೊರಟೆವು. ಇಲ್ಲಿಂದ ಮುಂದೆ ನಾನು ನಿಮಗೆ ಏನು ಹೇಳಬೇಕಿತ್ತು? ಮಧ್ಯಾಹ್ನ ಗುಡುಗು ಸಿಡಿಲು ಬಂತು, ಯಾವುದೋ ವಿಮಾನ ಬಿತ್ತು, ಎಲ್ಲರೂ ನನ್ನ ಕಾಲಿಗೆ ಬಿದ್ದರು ಎಂದರೆ ಚೆನ್ನಾಗಿರುತ್ತಿತ್ತು. ಆದದ್ದು ಅದಲ್ಲ. ವರ್ಜೀನಿಯಾದ ಅರ್ಧ ದಾರಿಯಲ್ಲಿ ಮೋಡ ಒಡೆದು, ಹೆಸರುಕಾಳು ಒಣಗಿಸುವಂಥ ಬಿಸಿಲು ಬಿತ್ತು. ಶಿವರಾಮ ಬಿಸಿಲಿಗೆ ಅಡ್ಡವಾಗಿ ಗಾಜಿನ ಮೇಲಿನ ಹಲಗೆ ಇಳಿಸಿಕೊಂಡರು, ಅಷ್ಟೆ.

ಹೋದವನು ತಲುಪಿದರೆ ಧೀರ, ತಲುಪದಿದ್ದರೆ ಕರ್ಮ. ಹೋಗದವನು ಮಾತ್ರ ಸಾಯುವ ತನಕ ಪುಕ್ಕಲ, ಯಾಕೆಂದರೆ ಅವನಿಗೆ ಸಾಕ್ಷಿಯಿಲ್ಲ. ಬೀಳದ ವಿಮಾನವನ್ನು ತಂದು ಯಾರಿಗೆ ತೋರಿಸುವುದು? ಬಾವಿಗೆ ಬಿದ್ದ ಮಗುವನ್ನು ಎತ್ತಿದವಳಿಗೆ ಊರೆಲ್ಲ ಸೀರೆ ಉಡಿಸುತ್ತದೆ. ಬಾವಿಯ ಕಡೆ ಹೊರಟ ಮಗುವಿನ ರಟ್ಟೆ ಹಿಡಿದು ಎಳೆದವಳಿಗೆ ಸಿಗುವುದು ಮಗುವಿನ ಅಳು. ಆ ಮೋಡದೊಳಗೆ ಹೋಗಿದ್ದರೆ ನಾವು ಸುಖವಾಗಿ ತಲುಪುತ್ತಿದ್ದೆವೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಬದುಕುವುದು ಗೊತ್ತಾಗಿ ಸಾಯುವುದಕ್ಕಿಂತ ಅಗ್ಗ, ಅಷ್ಟು ಮಾತ್ರ ಗೊತ್ತು.

ರಾಲಿ ತಲುಪಿದಾಗ ಆರತಿಯಾಗಿತ್ತು, ಊಟವೂ ಆಗಿತ್ತು. ಅಟ್ಲಾಂಟಾದ ಪದ್ಮಾ ಎಂಬಾಕೆ ತಾಯಿಯ ಜಾಗದಲ್ಲಿ ನಿಂತು ಮೊದಲ ಬಳೆ ತೊಡಿಸಿದ್ದಳು. ಗಂಡಸರು ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ನಿಂತಿದ್ದರು.

"ಏನ್ರೀ ಶಿವರಾಮ್, ಪ್ಲೇನಿನ ರೆಕ್ಕೆ ಬಿಚ್ಸಿ ರೋಡ್ ಮೇಲೆ ಬಂದ್ರಾ?" ಎಂದು ಯಾರೋ ನಕ್ಕರು.

"ಏನ್ಮಾಡೋದ್ರೀ," ಎಂದರು ಶಿವರಾಮ, ನೆಲ ನೋಡುತ್ತಾ. "ಅತ್ತೆ ಹೆದರಿಕೊಂಡುಬಿಟ್ರು."

ಒಂದು ಗಳಿಗೆ ನನಗೆ ಮೈ ಉರಿಯಿತು. ಆಮೇಲೆ ಯೋಚಿಸಿದೆ: ವಿಮಾನದಲ್ಲಿ ಒಬ್ಬಳು ಮುದುಕಿ ಇರುವುದು ಇದಕ್ಕೇ ಇರಬೇಕು. ಎಲ್ಲರ ಹೆದರಿಕೆಯನ್ನೂ ಒಬ್ಬಳ ಮಡಿಲಿಗೆ ಹಾಕಿದರೆ ಮಿಕ್ಕವರು ಮಾನವಾಗಿ ಮನೆಗೆ ಹೋಗಬಹುದು. ನನ್ನ ಮಡಿಲು ದೊಡ್ಡದು, ಯಂತ್ರವೇ ಹೇಳಿದೆ.

"ಹೌದಪ್ಪಾ, ಹೆದರಿದವಳು ನಾನು," ಎಂದೆ ಎಲ್ಲರಿಗೂ ಕೇಳುವ ಹಾಗೆ. "ಇವರೆಲ್ಲ ಭಾರೀ ಧೈರ್ಯಸ್ಥರು. ಅದಕ್ಕೇ ನನಗಿಂತ ಮುಂಚೆ ಇಳಿದರು."

ರಂಗಪ್ಪ ಕೋಸಂಬರಿ ಉಳಿದಿದೆಯೇ ಎಂದು ನೋಡಲು ಒಳಗೆ ಹೋದರು. ಶಿವರಾಮನ ಮುಖದಲ್ಲಿ ಮೊದಲು ಕೆಂಪು, ಆಮೇಲೆ ಒಂದು ನಗು ಬಂತು. "ಅತ್ತೆ," ಎಂದರು, ನನ್ನನ್ನೇ ನೋಡುತ್ತಾ, ನಡುವೆ ಯಾವ ಟೆಲಿಫೋನೂ ಇಲ್ಲದೆ, "ನಾನು ನೀವು ಬೇಡ ಅನ್ನೋದನ್ನೇ ಕಾಯ್ತಿದ್ದೆ."

"ಹೇಳಬಾರದಿತ್ತೇ?" ಎಂದು ಒಳಗೆ ನಡೆದೆ.

ಸರಸ ಕುರ್ಚಿಯ ಮೇಲೆ ಕೂತಿದ್ದಳು, ಮೊಣಕೈಯ ತನಕ ಬಳೆ, ಮುಖ ಗಂಟು. ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ಕೈ ತೋರಿಸಿದಳು.

"ಎಂಥಾ ಬಿಸಿಲು ಬಂದಿದೆ ನೋಡಮ್ಮ. ಬರಬಹುದಿತ್ತು ನೀನು."

"ಬಂದಿದೆ ಕಣೇ," ಎಂದೆ. "ನೋಡೋಕೆ ನಾನೂ ಇದೀನಲ್ಲ. ಊಟಕ್ಕೇನು ಉಳಿದಿದೆ ಹೇಳು."