ಭಾವನ ಮನೆಗಾಡಿಗೆ ಹೊಸ ದೀಪ

ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ, ವಡೆ ಆರದಿರಲಿ ಎಂದು ಗಾಜಿನ ಪೆಟ್ಟಿಗೆಯೊಳಗೆ ಹಳದಿ ಬಲ್ಬು ಉರಿಸಿಡುತ್ತಾರೆ. ಮೊನ್ನೆ ಸಂಜೆ ಅದರ ಪಕ್ಕದ ಮೇಜಿಗೆ ಕೂತಿದ್ದೆ. ಬಲ್ಬಿನ ಮೇಲಿನ ಧೂಳು ಕಾಯ್ದು ಒಂದು ವಾಸನೆ ಬರುತ್ತದಲ್ಲ, ಸುಟ್ಟಿತು ಅನ್ನುವಂತೆಯೂ ಇಲ್ಲ, ಸುಟ್ಟಿಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ, ಅದು ಮೂಗಿಗೆ ಬಡಿಯಿತು. ನೀವಾಗಿದ್ದರೆ ವಡೆ ತಿಂದು ಕೈತೊಳೆದು ಹೋಗುತ್ತಿದ್ದಿರಿ. ನಾನು ಮೊದಲು ನೋಡಿದ್ದು ವೈರು ಎಲ್ಲಿಂದ ಬಂದಿದೆ ಎಂದು. ಆಮೇಲೆ ನೋಡಿದ್ದು ಬಾಗಿಲು ಎಷ್ಟು ದೂರ ಇದೆ ಎಂದು. ವಡೆ ಅಷ್ಟರಲ್ಲಿ ಆರಿಹೋಗಿತ್ತು.

ನನ್ನ ಸ್ವಭಾವವೇ ಹೀಗೆ. ಊರಿಗೆ ಹೊರಡುವಾಗ ಮನೆಗೆ ಬೀಗ ಹಾಕುವ ಕೆಲಸವನ್ನು ನನ್ನ ಹೆಂಡತಿ ನನಗೆ ಕೊಡುವುದಿಲ್ಲ; ಕೊಟ್ಟರೆ ಬಸ್ಸು ತಪ್ಪುತ್ತದೆ. ಬೀಗ ಹಾಕಿ, ಎಳೆದು ನೋಡಿ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ತೆಗೆದು, ಒಳಗೆ ಹೋಗಿ ಬಂದು, ಈಗ ಬೀಗ ಸರಿಯಾಗಿ ಬಿತ್ತೇ ಎಂದು ಮೊದಲಿನಿಂದ ಶುರು ಮಾಡುವವನು ನಾನು. ನನ್ನ ಭಾವ, ಎಂದರೆ ನನ್ನ ಅಕ್ಕನ ಗಂಡ, ಇದನ್ನೊಂದು ಅನುಕೂಲವೆಂದೇ ತಿಳಿದವರು. ಮಳೆ ಹಿಂದೆ ಹೋಗಲಿ, ಹಸು ಮೇವು ಬಿಡಲಿ, ಅವರದು ಒಂದೇ ಮಾತು: "ಚಿಂತೆ ಮಾಡೋಕೆ ನಮ್ಮ ಬಾಮೈದ ಅವ್ನೆ. ನಾವು ಉಂಡು ಮಲಗಾನ."

ಆ ಬಿಸಿ ಬಲ್ಬಿನ ವಾಸನೆ ನನ್ನ ಪಾಲಿಗೆ ಭಾವನ ಗಾಡಿಯ ವಾಸನೆ. ಮಾದಿಹಳ್ಳಿಯಲ್ಲಿ ಅವರಿಗೆ ತೆಂಗಿನ ತೋಟ, ಒಂದಿಷ್ಟು ಗದ್ದೆ, ಹಸುಗಳು. ಅದರ ಜೊತೆಗೆ ವರ್ಷಗಟ್ಟಲೆ ಒಂದು ಮಿನಿಬಸ್ಸು ಓಡಿಸಿದರು. ಬೇಲೂರು ಹಳೇಬೀಡು ನೋಡಲು ಬಂದವರನ್ನು ಹತ್ತಿಸಿಕೊಂಡು, ದೇವಸ್ಥಾನದ ಮುಂದೆ ಇಳಿಸಿ, ಅವರು ಶಿಲಾಬಾಲಿಕೆಯರನ್ನು ನೋಡಿ ಬರುವ ತನಕ ಹುಣಸೆ ಮರದ ಕೆಳಗೆ ನಿದ್ದೆ ಮಾಡಿ, ಮತ್ತೆ ಹತ್ತಿಸಿಕೊಂಡು ಹೊರಡುವ ಕೆಲಸ. ಬಸ್ಸಿಗೂ ಅವರಿಗೂ ವಯಸ್ಸಾದಾಗ ಎಲ್ಲರೂ ಅದನ್ನು ಗುಜರಿಗೆ ಹಾಕಿ ಎಂದರು. ಭಾವ ಸೀಟುಗಳನ್ನು ಮಾತ್ರ ಗುಜರಿಗೆ ಹಾಕಿದರು. ಬಡಗಿಯನ್ನು ಕರೆಸಿ ಒಳಗೆ ಎರಡು ಮಂಚ, ಒಲೆಗೊಂದು ಕಟ್ಟೆ, ಪಾತ್ರೆಗೆ ಗೂಡು ಮಾಡಿಸಿದರು. ಅಕ್ಕನ ಹಳೇ ಸೀರೆಗಳು ಕಿಟಕಿಗೆ ಪರದೆಯಾದವು. ಕಾಗದಪತ್ರಗಳನ್ನೂ ಅಲೆದಾಡಿ ಸರಿಮಾಡಿಸಿಕೊಂಡರು, ಅದಕ್ಕೆ ನನ್ನ ಕಾಟವೇ ಕಾರಣ. ಅದು ಮನೆಗಾಡಿಯಾಯಿತು. ಊರವರ ಪ್ರವಾಸವನ್ನು ಅಷ್ಟು ಕಾಲ ಕಾದವರು ಈಗ ತಮ್ಮ ಪ್ರವಾಸ ಮಾಡಬೇಕು ಎನ್ನುವುದು ಲೆಕ್ಕ. ಅಕ್ಕ ಸಮುದ್ರ ನೋಡಿರಲಿಲ್ಲ.

ಬದಲಾಗದೆ ಉಳಿದದ್ದು ಚಾವಣಿಯ ದೀಪಗಳು. ಬಸ್ಸಿನ ಕಾಲದ ದುಂಡು ಬಲ್ಬುಗಳು, ಮೇಲೆ ಮಸುಕು ಗಾಜಿನ ಮುಚ್ಚಳ, ಮುಚ್ಚಳದೊಳಗೆ ಎಷ್ಟೋ ಮಳೆಗಾಲದ ದೀಪದ ಹುಳಗಳು. ಹಚ್ಚಿದರೆ ಬೆಳಕಿಗಿಂತ ಮೊದಲು ವಾಸನೆ ಬರುತ್ತಿತ್ತು. ಒಮ್ಮೆ ಹಳೇಬೀಡಿನ ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿ ಇಬ್ಬರೂ ದೀಪ ಆರಿಸದೆ ಮಲಗಿಬಿಟ್ಟರಂತೆ. ಬೆಳಗ್ಗೆ ಬ್ಯಾಟರಿ ಖಾಲಿ. ಬಸದಿ ನೋಡಲು ಬಂದ ಯಾರೋ ಯಾತ್ರಿಕರು ಇಳಿದು ತಳ್ಳಿಕೊಟ್ಟರಂತೆ. ಅದಾದ ಮೇಲೆ ಭಾವ ನನಗೆ ಫೋನು ಮಾಡಿದರು. ಆ ಹಳದಿ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಬ್ಯಾಟರಿಯನ್ನೂ ತಿನ್ನುತ್ತದೆ, ನಿಮ್ಮ ಅರಸೀಕೆರೆಯಲ್ಲಿ ಎಲ್‌ಇಡಿ ಸಿಗುತ್ತದಲ್ಲ, ತಂದು ನೀನೇ ಹಾಕಿಕೊಡು ಎಂದರು. ಎಲೆಕ್ಟ್ರಿಷಿಯನ್ನನ್ನು ಕರೆಯಬಹುದಿತ್ತು. ಆದರೆ ಅವನು ಮಾಡಿದ್ದನ್ನು ನಾನು ಬಿಚ್ಚಿ ನೋಡದೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಹಾಗೆ ನಾನು ಬಲ್ಬುಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮಾದಿಹಳ್ಳಿಗೆ ಹೋದೆ. ಪಕ್ಕದವರು ಮೊಟ್ಟೆಯೇನ್ರೀ ಎಂದು ಕೇಳಿದರು. ಅಕ್ಕ ಆಗಲೇ ಪ್ರಯಾಣದ ಗಡಿಬಿಡಿಯಲ್ಲಿದ್ದಳು. ಮಾರನೆಯ ದಿನ ಬೆಳಗ್ಗೆ ಹೊರಟು, ಬೇಲೂರು ದಾಟಿ, ಚಾರ್ಮಾಡಿ ಘಾಟಿ ಇಳಿದು ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿಯಾಗಿತ್ತು. ರಾಗಿಹಿಟ್ಟು, ಹುರಿಗಾಳು, ಚಟ್ನಿಪುಡಿ ಡಬ್ಬಗಳು ಗೂಡು ಸೇರಿದ್ದವು. ಸಮುದ್ರದ ದಡದಲ್ಲಿ ಉಡಲೆಂದು ಒಂದು ಹೊಸ ಸೀರೆಯನ್ನೂ ಎತ್ತಿಟ್ಟಿದ್ದಳು; ನೀರಿನಲ್ಲಿ ನೆನೆಯುವುದಕ್ಕೆ ಹೊಸದೇಕೆ ಎಂದು ಕೇಳಿದ್ದಕ್ಕೆ, ಮೊದಲನೇ ಸಲ ಹೋಗುವಾಗ ಹಳೇದು ಉಡುತ್ತಾರೇನೋ ಎಂದಳು.

ಗಾಡಿಯ ಎಡಗಡೆ ಉದ್ದಕ್ಕೆ ಒಂದು ಗೀರು ಕಂಡಿತು. ಗೇಟಿನ ಕಂಬ ತಾಗಿದ್ದಂತೆ. ಮೂವತ್ತು ವರ್ಷ ಕಣ್ಣುಮುಚ್ಚಿಕೊಂಡು ಗಾಡಿ ಒಳಗೆ ಬಿಟ್ಟ ಗೇಟು ಅದು. ಕಂಬವೇ ಅಡ್ಡ ಬಂತು ಕಣಯ್ಯ ಎಂದು ಭಾವ ನಕ್ಕರು. ನಾನು ನಗಲಿಲ್ಲ. ಗೀರಿಗೆ ತುಕ್ಕು ಹಿಡಿದರೆ ಗತಿಯೇನು ಎಂದು ಚಿಂತೆಗೆ ಬಿದ್ದೆ. ಒಳಗೆ ಕಾಫಿ ಬಗ್ಗಿಸುವಾಗ ಅವರು ಲೋಟದ ಆಚೆಗೆ ಬಗ್ಗಿಸಿದರು. ಆಗಲೂ ನಾನು ನೋಡಿದ್ದು ಚೆಲ್ಲಿದ ಕಾಫಿ ಹರಿದು ಫ್ಯೂಸು ಪೆಟ್ಟಿಗೆಯ ಕಡೆ ಹೋಗುತ್ತದೋ ಎಂದು.

ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ತಂತಿ ಕಳಚಿದೆ. ಕಳಚಿದ್ದು ನಿಜವೇ ಎಂದು ಇನ್ನೊಮ್ಮೆ ಹೋಗಿ ನೋಡಿದೆ. ತುಕ್ಕು ಹಿಡಿದ ತಿರುಪುಗಳು ಬಿಚ್ಚಿಸಿಕೊಳ್ಳಲು ಒಪ್ಪದಿದ್ದಾಗ ಕೊಬ್ಬರಿಎಣ್ಣೆ ಬಿಟ್ಟು ಕಾದೆ. ಮುಚ್ಚಳ ತೆಗೆದರೆ ಒಣಗಿದ ಹುಳಗಳೆಲ್ಲ ತಲೆಯ ಮೇಲೆ. ಹಳೇ ಬಲ್ಬಿಗೆ ಪ್ಲಸ್ಸು ಮೈನಸ್ಸು ಎನ್ನುವ ಭೇದವಿಲ್ಲ, ಹೇಗೆ ಕೊಟ್ಟರೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ತಂತಿ ಅದಲುಬದಲಾದರೆ ಮುಖ ತಿರುಗಿಸಿಕೊಂಡು ಕೂತುಬಿಡುತ್ತದೆ. ಆದ್ದರಿಂದ ಒಂದೊಂದನ್ನೂ ಹಾಕಿ, ತಂತಿ ಸೇರಿಸಿ, ಹಚ್ಚಿ ನೋಡಿ, ಆರಿಸಿ, ಮತ್ತೆ ತಂತಿ ಕಳಚಿ ಮುಂದಿನದಕ್ಕೆ ಹೋಗಬೇಕು. ಹೀಗೇ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ನನ್ನದೇ ಕಾನೂನು. ವೈರು ಹಳೇದು, ಬಿಸಿಲಿಗೆ ಬಿರಿದಿರಬಹುದು, ಘಾಟಿಯ ತಿರುವಿನಲ್ಲಿ ಕಿಡಿ ಹಾರಿದರೆ, ಪರದೆ ಬೇರೆ ನೈಲಾನು ಸೀರೆ. ಮಧ್ಯಾಹ್ನ ಪೂರ್ತಿ ನನ್ನ ತಲೆಯೊಳಗೆ ಆ ಗಾಡಿ ಹತ್ತಾರು ಸಲ ಹೊತ್ತಿ ಉರಿಯಿತು. ಭಾವ ಹೊರಗೆ ತೆಂಗಿನ ನೆರಳಲ್ಲಿ ಕೂತು, ಚಾರ್ಮಾಡಿಯ ಎಷ್ಟನೇ ತಿರುವಿನಲ್ಲಿ ಯಾವ ಗೇರು ಎಂದು ಅಕ್ಕನಿಗೆ ವರ್ಣಿಸುತ್ತಿದ್ದರು.

ಕೊನೆಯದು ಮುಂಭಾಗದ ಬಲ್ಬು. ಡ್ರೈವರ್ ಸೀಟಿನ ಎದುರು, ಮುಂದಿನ ಗಾಜಿನ ಮೇಲ್ಗಡೆಯ ಪ್ಲೈವುಡ್ಡಿನಲ್ಲಿ, ಬೇಲೂರಿನ ಚೆನ್ನಕೇಶವನ ಪಟ ಇತ್ತು. ಬಸ್ಸು ಬಂದ ದಿನದಿಂದ ಅದೇ ಪಟ, ಅದೇ ಜಾಗ. ಬಲ್ಬಿನ ಹೋಲ್ಡರು ಪಟಕ್ಕೆ ತಾಗಿಕೊಂಡೇ ಇದ್ದುದರಿಂದ ಪಟವನ್ನು ಇಳಿಸಿ, ಒಂದು ಪೇಪರಿನ ಮೇಲೆ ಹಿಂದಿನ ಮಂಚದಲ್ಲಿ ಇಟ್ಟೆ. ಬಲ್ಬು ಕೂರಿಸುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು. ಪಟ ಆಮೇಲೆ ಹಾಕಿದರಾಯಿತು, ಮೊದಲು ಎಲ್ಲ ಒಟ್ಟಿಗೆ ಹತ್ತುತ್ತವೆಯೋ ನೋಡೋಣ ಎಂದು ಇಬ್ಬರನ್ನೂ ಕರೆದೆ. ಅಕ್ಕ ಹಿಂದಿನ ಬಾಗಿಲಿಂದ ಹತ್ತಿ ಮಂಚದ ಮೇಲೆ, ಪಟದ ಪಕ್ಕದಲ್ಲೇ ಕೂತಳು. ಭಾವ ಮುಂದಿನಿಂದ ಹತ್ತಿದರು.

ಸಂಜೆ ದೀಪ ಹತ್ತಿದೊಡನೆ ಕೈಮುಗಿಯುವುದು ನಮ್ಮ ಮನೆಗಳಲ್ಲಿ ಹೇಳಿಕೊಡದೆ ಬರುವ ಅಭ್ಯಾಸ. ಅದು ಎಣ್ಣೆಯ ದೀಪವೋ ಕರೆಂಟಿನದೋ ಎಂದು ಕೈ ಕೇಳುವುದಿಲ್ಲ. ಸ್ವಿಚ್ಚು ಒತ್ತಿದೆ. ಗಾಡಿಯೊಳಗೆ ಮದುವೆ ಮಂಟಪದಷ್ಟು ಬೆಳಕು. ಬೆಳ್ಳಗೆ, ತಣ್ಣಗೆ, ಮೂಲೆಮೂಲೆಯ ಕಸವೆಲ್ಲ ಕಾಣುವಂತೆ. ಯಾವ ವಾಸನೆಯೂ ಇಲ್ಲ, ಕಿಡಿಯೂ ಇಲ್ಲ. ಅಕ್ಕ ಕೈಮುಗಿದಳು. ಭಾವ ಕಣ್ಣು ಕಿರಿದು ಮಾಡಿಕೊಂಡು ಎಂದಿನಂತೆ ಮುಂದಕ್ಕೆ ತಿರುಗಿ, ತಲೆ ಎತ್ತಿ ಕೈಮುಗಿದರು. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡು, ಇಡೀ ದಿನ ಒದ್ದಾಡಿದ ಬಾಮೈದನಿಗೆ ಒಂದು ಒಳ್ಳೆ ಮಾತು ಹೇಳಬೇಕಲ್ಲ ಎಂದು ಹೇಳಿದರು:

"ಭೇಷ್ ಕಣಯ್ಯ. ಈಗ ನೋಡು, ಸ್ವಾಮಿ ಮುಖ ಎಷ್ಟು ಲಕ್ಷಣವಾಗಿ ಕಾಣ್ತೈತೆ."

ಅವರೆದುರಿಗೆ ಇದ್ದದ್ದು ಬರೀ ಪ್ಲೈವುಡ್ಡು, ಅದರಲ್ಲಿ ಎರಡು ಮೊಳೆ.

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಆ ಮೊಳೆಗಳನ್ನೇ ನೋಡುತ್ತಿದ್ದಳು. ವೈರಿಗೆ, ಫ್ಯೂಸಿಗೆ, ಗೀರಿಗೆ, ಚೆಲ್ಲಿದ ಕಾಫಿಗೆ ಎಲ್ಲಕ್ಕೂ ಗಂಟೆಗಟ್ಟಲೆ ಮಾತಾಡಿದ ಬಾಯಿ ನನ್ನದು. ಆ ಮನೆಯಲ್ಲಿ ನನ್ನ ಆತಂಕವೆಂದರೆ ಫ್ಯಾನಿನ ಸದ್ದಿನ ಹಾಗೆ, ಇರುತ್ತದೆ, ಯಾರೂ ಕಿವಿಗೊಡುವುದಿಲ್ಲ. ಈಗ ಬಾಯಿಬಿಟ್ಟರೆ ಶುರು ಮಾಡಿದ ನೋಡು ಎಂದು ನಗುತ್ತಾರೆ. ನಕ್ಕು, ಬೆಳಗ್ಗೆ ಎದ್ದು, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾರ್ಮಾಡಿಯ ಮಂಜಿನೊಳಗೆ ಇಳಿಯುತ್ತಾರೆ.

ಅಕ್ಕ ಪಟವನ್ನು ಎತ್ತಿಕೊಂಡು ಮಂಚಗಳ ನಡುವಿನ ಇಕ್ಕಟ್ಟಿನಲ್ಲಿ ನಡೆದು ಮುಂದೆ ಬಂದಳು.

"ಸ್ವಾಮಿ ಇಲ್ಲಿ ಅವ್ನೆ ಕಣ್ರೀ," ಅಂದಳು. "ನನ್ನ ಕೈಲಿ."

ಭಾವ ತಿರುಗಿದರು. ನಗಬೇಕೋ ಏನೋ ಎಂದು ಮುಖ ಒಂದು ಗಳಿಗೆ ಕಾಯಿತು. ಆಮೇಲೆ ಕೈ ಚಾಚಿ ಪಟದ ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸುಗ್ಗಿಯಿಂದ ಈಚೆಗೆ ಎಲ್ಲ ಮಂಜುಮಂಜಾಗಿ ಕಾಣುತ್ತಿತ್ತೆಂದು, ಅದು ಹಳೇ ಬಲ್ಬಿನದೇ ದೋಷ ಎಂದು ತಾವು ತಿಳಿದಿದ್ದಾಗಿ ಮೆಲ್ಲಗೆ ಹೇಳಿದರು. ಆಗ ಹಳದಿ ಮಂಜು ಇತ್ತು, ಈಗ ಬಿಳೀ ಮಂಜಾಯಿತು, ಅಷ್ಟೇ. ಬೇಕೆಂದೇ ಮುಚ್ಚಿಡುವ ಮನುಷ್ಯನಲ್ಲ ಅವರು. ದೀಪ ಬದಲಾಯಿಸಿದರೆ ಕಣ್ಣು ಕಾಣುತ್ತದೆ ಎಂದು ನಿಜವಾಗಿ ನಂಬಿದ್ದರು.

"ನಾಳೆ ಘಾಟಿ ಹೆಂಗೆ ಇಳಿಸ್ತಿದ್ರಿ?" ಅಕ್ಕ ಕೇಳಿದಳು.

"ರಸ್ತೆ ಗೊತ್ತಲ್ಲೇ ನಂಗೆ."

"ಸ್ವಾಮಿ ಇರೋ ಜಾಗನೂ ಗೊತ್ತಿತ್ತು ನಿಮಗೆ."

ಅಷ್ಟು ಬೆಳಕಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಭಾವ ಜೇಬಿನಿಂದ ಗಾಡಿಯ ಕೀಲಿ ತೆಗೆದು ಅವಳ ಕಡೆ ಹಿಡಿದರು. ಅಕ್ಕ ಪಟವನ್ನು ನನ್ನ ಕೈಗೆ ಕೊಟ್ಟು, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಒಪ್ಪಿಸಿದ್ದ ಹಸುಗಳನ್ನು ವಾಪಸು ಹೊಡೆದುಕೊಂಡು ಬರಲು ಪಕ್ಕದ ಮನೆಗೆ ಹೋದಳು.

ಭಾವನ ಎರಡು ಕಣ್ಣಿಗೂ ಪೊರೆ ಬೆಳೆದಿತ್ತು. ಒಂದಾದ ಮೇಲೊಂದು ಆಪರೇಷನ್ನು ಆಯಿತು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಾನು ಕೇಳಿದ ಪ್ರಶ್ನೆಗಳಿಗೆ ಬೇಸತ್ತು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಭಾವನೇ ನನ್ನ ಕೈ ತಟ್ಟಿ ಸಮಾಧಾನ ಮಾಡಿದರು. ಪಟ್ಟಿ ಬಿಚ್ಚಿ ಊರಿಗೆ ಬಂದವರು ಮೊದಲು ಗಾಡಿ ಹತ್ತಿ ದೀಪ ಹಚ್ಚಿದರು. ಸುತ್ತ ನೋಡಿ ಮುಖ ಸಿಂಡರಿಸಿದರು.

"ಇದೇನ್ಲಾ ಇದು, ಆಸ್ಪತ್ರೆ ಇದ್ದಂಗೈತೆ. ಆ ಹಳದಿ ಬಲ್ಬೇ ಹಾಕೋ."

ಎಲ್‌ಇಡಿಯಲ್ಲೂ ಹಳದಿ ಸಿಗುತ್ತದೆ ಎಂದು ಅಂಗಡಿಯವನು ನನಗೆ ಮೊದಲೇ ಹೇಳಿದ್ದ. ಮತ್ತೆ ತಂದೆ, ಮತ್ತೆ ಬ್ಯಾಟರಿ ತಂತಿ ಕಳಚಿದೆ, ಮತ್ತೆ ಹೋಗಿ ನೋಡಿದೆ. ಅವರು ಸಮುದ್ರಕ್ಕೂ ಹೋಗಿಬಂದರು. ಅಕ್ಕ ಆ ಹೊಸ ಸೀರೆಯಲ್ಲೇ ಅಲೆಗೆ ಇಳಿದಳಂತೆ. ಒಗೆದ ಮೇಲೂ ಅಂಚಿನಿಂದ ಮರಳು ಉದುರುತ್ತಿತ್ತು.

ಮೊನ್ನೆ ಆ ಆರಿದ ವಡೆ ತಿಂದು ನಾನು ಹೋದದ್ದು ಅಕ್ಕನ ಮನೆಗೇ. ಮಾರನೆಯ ದಿನ ಬೆಳಗ್ಗೆ ಭಾವ, ಬಸ್ಸು ಯಾಕೆ, ನಾನೇ ಅರಸೀಕೆರೆಗೆ ಬಿಡುತ್ತೇನೆ ಎಂದರು. ಈಗ ಅವರು ಹಗಲಿನಲ್ಲಿ ಮಾತ್ರ ಗಾಡಿ ಓಡಿಸುತ್ತಾರೆ, ಅಕ್ಕ ಮುಂದೆ ಅವರ ಪಕ್ಕದಲ್ಲೇ ಕೂರುತ್ತಾಳೆ. ಗೇಟು ದಾಟಿದ್ದೇ ತಡ ಅವಳ ವಿಚಾರಣೆ ಶುರು. ಆ ಬೋರ್ಡಿನಲ್ಲಿ ಏನು ಬರೆದಿದೆ, ಈ ಕಲ್ಲಿನಲ್ಲಿ ಎಷ್ಟು ಕಿಲೋಮೀಟರು ಎಂದು, ಓದು ಬಾರದವಳ ಹಾಗೆ ಕೇಳುತ್ತಾಳೆ. ಏಳನೇ ಕ್ಲಾಸು ಪಾಸು ಮಾಡಿದವಳು. ಭಾವ ಸ್ಕೂಲು ಹುಡುಗನ ಹಾಗೆ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಹಳೇಬೀಡು. ಜಾವಗಲ್. ಗೊಬ್ಬರದ ಅಂಗಡಿಯ ಹೆಸರು. ಹಿಂದಿನ ಮಂಚದಲ್ಲಿ ಕೂತ ನಾನು ಕಿಟಕಿಯಿಂದ ಇಣುಕಿ, ಪ್ರತಿಯೊಂದನ್ನೂ ಓದಿ ತಾಳೆ ನೋಡಿಕೊಳ್ಳುತ್ತೇನೆ.

ಜಾವಗಲ್ ದಾಟಿದ ಮೇಲೆ ಒಂದು ತಿರುವಿನ ಹತ್ತಿರ ಇನ್ನೊಂದು ಬೋರ್ಡು ಬಂತು. ಅದೇನು ಎಂದು ಅಕ್ಕ ಕೇಳಿದಳು. ಭಾವ ಸುಮ್ಮನಿದ್ದರು. ಬೋರ್ಡು ಹತ್ತಿರವಾಯಿತು. ಅಕ್ಕನ ಕೈ ಬಾಗಿಲ ಹಿಡಿಕೆಗೆ ಹೋದದ್ದು ಕಂಡಿತು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ನಿಧಾನವಾಗಿ ಚಲಿಸಿ," ಅಂತ ಓದಿ ಭಾವ ಗೇರು ಇಳಿಸಿದರು. ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಇಬ್ರೂ ಉಸಿರು ಬಿಡಿ. ನಂಗೆ ಕಾಣ್ತೈತೆ."

ನಾನು ಕೂತೆ. ಮುಂದಿನ ಬೋರ್ಡು ಬರುವ ತನಕ.